ಬುಧವಾರದ ಮೊಟ್ಟೆ, ಭಾನುವಾರದ ಹಡಗು

ರೇಷ್ಮೆ ಪ್ರದರ್ಶಕನ ಕೆಲಸ ಸಿಕ್ಕಾಗ ಕದಿರೇಶನಿಗೆ ಇಪ್ಪತ್ಮೂರು ವರ್ಷ. ಪ್ರದರ್ಶಕ ಅಂದರೆ ಹುಳು ಸಾಕುವುದು ಹೇಗೆ ಎಂದು ರೈತರಿಗೆ ತೋರಿಸಿಕೊಡುವವನು. ತೋರಿಸುವವನು ತಾನು ಒಂದು ಸಲವಾದರೂ ಸಾಕಿರಬೇಕು ಎಂದು ನೇಮಕದ ಆದೇಶದಲ್ಲಿ ಎಲ್ಲೂ ಬರೆದಿರಲಿಲ್ಲ. ಹಾಗಾಗಿ ಅವನು ಧೈರ್ಯವಾಗಿಯೇ ಬಂದು ಸೇರಿಕೊಂಡ. ಸುಗಟೂರಿನಿಂದ ಎರಡು ಮೈಲಿ ಒಳಗಿರುವ ದೊಡ್ಡಬೇವಳ್ಳಿಯಲ್ಲಿ ಒಂದು ಹೆಂಚಿನ ಕೋಣೆ, ಒಂದು ಬೀರು, ಒಂದು ಭೂತಗನ್ನಡಿ. ಬೀರುವಿನಲ್ಲಿ ಹುಳುವಿನ ಮೊಟ್ಟೆಯ ಹಾಳೆಗಳು. ಅವನ್ನು ರೈತರು ತೆಗೆದುಕೊಂಡು ಹೋಗುವಂತೆ ಮಾಡುವುದೇ ಕೆಲಸ. ಮೂರು ಬೆಳೆ ನೋಡುತ್ತೇವೆ, ಊರಿನವರು ನಿನ್ನ ಹತ್ತಿರ ಮೊಟ್ಟೆ ತಗೊಂಡರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ ಎಂದು ಮೇಲಿನ ಸಾಹೇಬರು ಮೊದಲೇ ಹೇಳಿದ್ದರು.

ಅವನಿಗಿಂತ ಮುಂಚೆ ಅಲ್ಲಿದ್ದ ವೆಂಕಟರಮಣಪ್ಪನವರು ನಿವೃತ್ತರಾಗುವಾಗ ಒಂದು ನೋಟ್‌ಬುಕ್ಕು ಬಿಟ್ಟುಹೋಗಿದ್ದರು. ಅದರಲ್ಲಿ ಪ್ರತಿ ಬೆಳೆಗೂ ಒಂದೇ ಸಾಲು: ‘ದೊಡ್ಡಬೇವಳ್ಳಿ, ಬುಧವಾರ’. ಮೊಟ್ಟೆ ಒಡೆದು ಮರಿ ಹೊರಬರುವುದು ಬುಧವಾರವೇ ಆಗುವಂತೆ ಲೆಕ್ಕ ಹಾಕಿ ಅವರು ಹಾಳೆ ಹಂಚುತ್ತಿದ್ದರು. ಯಾಕೆ ಎಂದು ಬರೆದಿರಲಿಲ್ಲ. ಕದಿರೇಶ ಓದಿದವನು. ಇದು ಮೂಢನಂಬಿಕೆ ಎಂದು ಅವನಿಗೆ ಒಂದು ನಿಮಿಷದಲ್ಲಿ ಹೊಳೆಯಿತು. ಆ ದಿನವನ್ನು ಸೋಮವಾರಕ್ಕೆ ಬದಲಾಯಿಸಿ, ‘ವೈಜ್ಞಾನಿಕ ದೃಷ್ಟಿಯಿಂದ’ ಎಂದು ವರದಿಯಲ್ಲಿ ಬರೆದ. ಶನಿವಾರವೇ ಹಾಳೆ ಹಂಚಿ, ಮುಳಬಾಗಿಲಿನ ಹತ್ತಿರದ ತನ್ನ ಊರಿಗೆ ಭಾನುವಾರ ಹೋಗಿ ಅಮ್ಮನ ಕೈಯ ಊಟ ಉಂಡು, ಸೋಮವಾರ ಮೊದಲ ಬಸ್ಸಿಗೆ ವಾಪಸ್ಸು ಬರುವುದಕ್ಕೆ ಆ ವಿಜ್ಞಾನ ಬಹಳ ಅನುಕೂಲವಾಗಿತ್ತು.

ಮೊದಲ ಬೆಳೆಗೆ ಊರಿನ ನಲವತ್ತು ಮನೆಗಳಲ್ಲಿ ಮೂರು ಮನೆಯವರು ಮೊಟ್ಟೆ ತಗೊಂಡರು. ಎರಡನೇ ಬೆಳೆಗೆ ಇಬ್ಬರು. ಉಳಿದವರು ಕೋಲಾರದ ಕಡೆ ಯಾವನೋ ಖಾಸಗಿಯವನ ಹತ್ತಿರ ಹೋಗಿ ಬುಧವಾರದ ಮೊಟ್ಟೆಯನ್ನೇ ತಂದರು. ಯಾರೂ ಜಗಳವಾಡಲಿಲ್ಲ, ಯಾರೂ ಕಾರಣ ಹೇಳಲಿಲ್ಲ. ಕೇಳಿದರೆ “ನೋಡಣ ಬಿಡಿ ಸಾರ್” ಅನ್ನುವರು. ಬುಧವಾರಕ್ಕೂ ಹುಳುವಿಗೂ ಏನೂ ಸಂಬಂಧವಿಲ್ಲ ಎಂದು ಅವನು ಹಾಲಿನ ಸೊಸೈಟಿ ಮುಂದೆ ಅರ್ಧ ಗಂಟೆ ಭಾಷಣ ಮಾಡಿದಾಗ, ಎಲ್ಲರೂ ಗೌರವದಿಂದ ಕೇಳಿ, “ಸರಿಯಾಗಿ ಹೇಳಿದ್ರಿ” ಎಂದು ಕ್ಯಾನು ಎತ್ತಿಕೊಂಡು ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಉಳಿದದ್ದು ಒಂದೇ ಬೆಳೆ. ಎರಡನೇ ಬೆಳೆ ಇನ್ನೂ ನಡೆಯುತ್ತಿರುವಾಗಲೇ ಒಂದು ಭಾನುವಾರ ಅವನು ಮುಳಬಾಗಿಲಿಗೆ ಹೋಗಲಿಲ್ಲ. ರಜೆಯ ದಿನ ಜನ ಮನೆಯಲ್ಲಿ ಸಿಗುತ್ತಾರೆ, ಒಬ್ಬೊಬ್ಬರನ್ನೇ ಹಿಡಿದು ಒಪ್ಪಿಸೋಣ ಎಂದು ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿಕೊಂಡು ಹೊರಟ. ಊರಿನ ಬೀದಿ ಬರಿದಾಗಿತ್ತು. ಬಾಗಿಲುಗಳಿಗೆ ಚಿಲಕ. ಎದುರಿಗೆ ಸಿಕ್ಕಿದವನು ಶ್ರೀರಾಮಪ್ಪ ಒಬ್ಬನೇ, ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ. ಸೋಮವಾರದ ಮೊಟ್ಟೆ ತಗೊಂಡ ಇಬ್ಬರು ಪುಣ್ಯಾತ್ಮರಲ್ಲಿ ಅವನೊಬ್ಬ.

“ಏನ್ ಶ್ರೀರಾಮಪ್ಪ, ಊರೋರೆಲ್ಲ ಎಲ್ಲಿ?”

“ನನ್ನ ಕೇಳ್ತೀರಾ ಸಾರ್?” ಶ್ರೀರಾಮಪ್ಪ ಹೊರೆ ಇಳಿಸದೆಯೇ ನಿಂತ. “ನಿಮ್ಮ ಮೊಟ್ಟೆ ತಂದ ತಪ್ಪಿಗೆ ನನ್ನ ಹೆಂಡ್ತಿ ಬೆಳಿಗ್ಗೆಯಿಂದ ಮಾತಾಡ್ತಿಲ್ಲ. ನಮ್ಮ ಹುಳ ಈಗ ಮಳೆ ಸುರಿದಂಗೆ ಸೊಪ್ಪು ತಿಂತಾವೆ. ಅವ್ರ ಹುಳ ಮಲಗವೆ. ಅವ್ರೆಲ್ಲ ಹಡಗು ನೋಡಕ್ಕೋದ್ರು.”

“ಯಾವ ಹಡಗು?”

“ಸೊಸೈಟಿಲಿ. ಹೋಗಿ, ನೀವಾದ್ರೂ ನೋಡಿ,” ಎಂದು ಶ್ರೀರಾಮಪ್ಪ ಹೊರಟೇಬಿಟ್ಟ.

ಹಾಲಿನ ಸೊಸೈಟಿಯ ಕೋಣೆಯಲ್ಲಿ ಪಂಚಾಯ್ತಿಯವರು ಕೊಟ್ಟ ಟೀವಿ ಇತ್ತು. ಕಾರ್ಯದರ್ಶಿ ಚನ್ನರಾಯಪ್ಪ ಅದಕ್ಕೆ ಮರದ ಪೆಟ್ಟಿಗೆ ಮಾಡಿಸಿ ಬೀಗ ಹಾಕಿಟ್ಟಿದ್ದ. ಈಗ ಪೆಟ್ಟಿಗೆಯ ಬಾಗಿಲು ತೆರೆದಿತ್ತು, ಎದುರಿಗೆ ಊರಿಗೆ ಊರೇ ಕೂತಿತ್ತು. ಹಾಲಿನ ಹುಳಿ ವಾಸನೆ, ಬೆವರು, ಎಲೆಯಡಿಕೆ. ತೆರೆಯ ಮೇಲೆ ಕಪ್ಪು ಆಕಾಶ. ಅದರಲ್ಲಿ ಒಂದು ಬಿಳೀ ಹಡಗು ಯಾವ ಸದ್ದೂ ಮಾಡದೆ ತೇಲುತ್ತಿತ್ತು.

ಅದು ಇಂಗ್ಲಿಷ್ ಧಾರಾವಾಹಿ. ಭೂಮಿಯ ದಾರಿ ತಪ್ಪಿದ ಹಡಗೊಂದು ವಾರಕ್ಕೊಂದು ನಕ್ಷತ್ರದ ಹತ್ತಿರ ನಿಂತು, ಮನೆಯ ದಾರಿ ಕೇಳಿಕೊಂಡು ಹೋಗುವ ಕಥೆ. ಹೀಗೆ ಕೇಳಲು ಶುರುಮಾಡಿ ಅದಕ್ಕೆ ಮೂರು ವರ್ಷವಾಗಿತ್ತು. ಕದಿರೇಶ ಅದನ್ನು ನೋಡುತ್ತಿದ್ದದ್ದು ಅದೇ ಮೊದಲು, ಅದೂ ನಡುವಿನಿಂದ. ಅವನ ಕಣ್ಣಿಗೆ ಮೊದಲು ಬಿದ್ದದ್ದು ಹಡಗಿನ ಗೋಡೆ. ಯಾರೋ ಒರಗಿದಾಗ ಅದು ಅಲ್ಲಾಡಿತು. ರಟ್ಟು, ಎಂದುಕೊಂಡ. ಆಮೇಲೆ ಹೊಸ ಗ್ರಹ ಬಂತು. ಅಲ್ಲಿದ್ದ ಬಂಡೆಗಳು ಮುಳಬಾಗಿಲಿನ ಬಂಡೆಗಳಿಗಿಂತ ಸಪ್ಪೆಯಾಗಿದ್ದವು. ನೀಲಿ ಬಣ್ಣ ಬಳಿದುಕೊಂಡವನೊಬ್ಬ ಹುಬ್ಬು ಏರಿಸಿದ. ತಲೆ ಬೋಳಿಸಿಕೊಂಡ ಹೆಂಗಸೊಬ್ಬಳು ಹಡಗು ನಡೆಸುತ್ತಿದ್ದಳು. ಇದಕ್ಕೆ ಇಷ್ಟು ಜನ ಬಾಗಿಲಿಗೆ ಚಿಲಕ ಹಾಕಿಕೊಂಡು ಬಂದಿದ್ದಾರಲ್ಲ ಎಂದು ಅವನಿಗೆ ಕನಿಕರ ಹುಟ್ಟಿತು.

ಅವನನ್ನು ಕಂಡು ಜನ ಜರುಗಿ ಜಾಗ ಕೊಟ್ಟರು. ಮುಂದೆ ಕೂತಿದ್ದ ಅಶ್ವತ್ಥಮ್ಮ ತಿರುಗಿ, “ಸಾರ್ ಬಂದ್ರು, ಓದಿರೋರು. ಗೌಡ್ರು ಈಗ ಏನಂದ್ರು ಸಾರ್?” ಎಂದಳು. ಗೌಡ್ರು ಅಂದರೆ ಹಡಗಿನ ಯಜಮಾನ, ಕೆನ್ನೆಯಲ್ಲಿ ಗಾಯದ ಗುರುತಿದ್ದವನು. ನೀಲಿಯವನು ನೀಲಿಯಪ್ಪ. ಹಡಗು ನಡೆಸುವವಳು ಬೋಡಕ್ಕ. ಎಲ್ಲರಿಗೂ ಊರಿನವರೇ ನಾಮಕರಣ ಮಾಡಿದ್ದರು.

ಪಿಯುಸಿಯ ಇಂಗ್ಲಿಷನ್ನು ಎರಡನೇ ಸಲಕ್ಕೆ ಮೂವತ್ತೇಳು ನಂಬರಿನಲ್ಲಿ ದಾಟಿದವನು ಕದಿರೇಶ. ಆ ಗೌಡ್ರ ಬಾಯಿಂದ ಬರುತ್ತಿದ್ದುದು ಇಂಗ್ಲಿಷ್ ಎಂಬುದನ್ನೂ ಅವನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಾಗಿತ್ತು. ಆದರೂ ಗಂಟಲು ಸರಿಮಾಡಿಕೊಂಡು, “ಯುದ್ಧಕ್ಕೆ ಹೋಗೋಣ ಅಂತಿದ್ದಾರೆ,” ಎಂದ.

“ಯುದ್ಧ ಯಾಕೆ ಬರುತ್ತೆ?” ಅಶ್ವತ್ಥಮ್ಮ ಯೋಚಿಸಿದಳು. “ಹೋದ ವಾರ ನೀರು ಮುಗೀತಲ್ಲ ಸಾರ್. ನೀರು ತರಾಕೆ ಹೋಗಣ ಅಂದ್ರೇನೋ.”

ಮುಂದಿನ ದೃಶ್ಯದಲ್ಲಿ ಹಡಗಿನವರು ಕೊಳವೆ ಹಿಡಿದುಕೊಂಡು ನೀರಿಗೆ ಇಳಿದರು. ಯಾರೂ ಕದಿರೇಶನ ಕಡೆ ನೋಡಲಿಲ್ಲ. ಅವರ ಆ ಮರ್ಯಾದೆ ಅವನಿಗೆ ಚುಚ್ಚಿತು.

ಆಮೇಲೆ ಅವನು ತೆರೆ ನೋಡುವುದನ್ನು ಬಿಟ್ಟು ಊರಿನವರ ಮಾತು ಕೇಳತೊಡಗಿದ. ಗ್ರಹದಿಂದ ಒಬ್ಬ ಅಪರಿಚಿತ ಬಂದು ಹಡಗಿನ ಬಾಗಿಲು ತಟ್ಟಿದ. ಗೌಡ್ರು ತೆರೆಯಲು ಕೈ ಚಾಚಿದ.

“ಬ್ಯಾಡ ಕಣೋ, ಬಿಡಬ್ಯಾಡ,” ಎಂದಳು ಅಶ್ವತ್ಥಮ್ಮ. “ಎಲ್ಲೆಲ್ಲೋ ತಿರುಗಾಡ್ಕೊಂಡು ಬಂದವ್ನೆ. ಕಾಲು ತೊಳ್ದವ್ನಾ?”

“ಬಿಡ್ತಾನೆ ನೋಡು. ಧರ್ಮರಾಯ,” ಎಂದ ಚನ್ನರಾಯಪ್ಪ.

ಬಿಟ್ಟ. ಸ್ವಲ್ಪ ಹೊತ್ತಿಗೆ ಹಡಗಿನಲ್ಲಿ ಒಬ್ಬೊಬ್ಬರಾಗಿ ಕುಸಿದು ಬೀಳತೊಡಗಿದರು. “ಸಪ್ಪೆ ರೋಗ,” ಎಂದು ಹಿಂದಿನಿಂದ ಯಾರೋ ಅಂದರು. ಹುಳು ಮೆತ್ತಗಾಗಿ ಸಾಯುವ ರೋಗದ ಹೆಸರು ಅದು. ಎಲ್ಲರೂ ಹೌದೆಂದರು. ಕದಿರೇಶನಿಗೆ ಆಗ ಅರ್ಥವಾಯಿತು. ಇವರು ಆ ಹಡಗನ್ನು ಯಾವ ದೂರದ ವಸ್ತುವಾಗಿಯೂ ನೋಡುತ್ತಿರಲಿಲ್ಲ. ಕಿಟಕಿಗೆ ಪರದೆ, ಒಳಗೆ ಅಳತೆಯ ಶಾಖ, ಹೊರಗಿನವರಿಗೆ ಪ್ರವೇಶವಿಲ್ಲ, ಒಬ್ಬರಿಗೆ ಸೋಂಕಿದರೆ ಎಲ್ಲರಿಗೂ. ಅವರಿಗೆ ಅದು ಹುಳು ಮನೆ. ಆಕಾಶದಲ್ಲಿ ತೇಲುವ ಹುಳು ಮನೆ. ಇಂಗ್ಲಿಷು ಅಲ್ಲಿ ಹೆಚ್ಚಿಗೆ ಬೇಕೂ ಇರಲಿಲ್ಲ.

ಕೊನೆಯಲ್ಲಿ ಬೋಡಕ್ಕ ಕನ್ನಡಿಯ ಮುಂದೆ ನಿಂತು ಕತ್ತಿನ ಪಟ್ಟಿ ಸರಿಸಿದಳು. ಅಲ್ಲೊಂದು ಕಪ್ಪು ಕಲೆ. ಮತ್ತೆ ಪಟ್ಟಿ ಎಳೆದುಕೊಂಡು ಮುಚ್ಚಿದಳು. ಅಷ್ಟಕ್ಕೆ ಸಂಗೀತ ಬಂದು ಅಕ್ಷರಗಳು ಓಡತೊಡಗಿದವು.

ಗೋಡೆಗೆ ಒರಗಿ ಕೂತಿದ್ದ ಆದಿಲಕ್ಷ್ಮಮ್ಮ ಎದ್ದಳು. ಐವತ್ತರ ಹತ್ತಿರದ ಹೆಂಗಸು. ಊರಲ್ಲಿ ಅವಳಷ್ಟು ಚೆನ್ನಾಗಿ ಹುಳು ಸಾಕುವವರಿಲ್ಲ, ಅವಳು ಎಲ್ಲಿಂದ ಮೊಟ್ಟೆ ತಂದರೆ ಊರೆಲ್ಲ ಅಲ್ಲಿಂದಲೇ ತರುತ್ತದೆ. “ಹಾಳಾಯ್ತು. ಮುಂದಿನ ಭಾನುವಾರ ಹುಳ ಹಣ್ಣಾಗುತ್ತೆ,” ಎಂದಳು, ಯಾರಿಗೂ ಅಲ್ಲದೆ. ಹಣ್ಣಾಗುವುದು ಅಂದರೆ ಹುಳು ಗೂಡು ಕಟ್ಟಲು ಸಿದ್ಧವಾಗುವುದು.

ಕದಿರೇಶ ಕೇಳಿಯೇಬಿಟ್ಟ. “ಅಲ್ಲಮ್ಮಾ, ಈವತ್ತು ಹೆಂಗೆ ಇಷ್ಟು ಜನ ಬಿಡುವಾಗಿದ್ದೀರಾ? ಸೊಪ್ಪು ಹಾಕೋದು ಬೇಡವಾ?”

ಆದಿಲಕ್ಷ್ಮಮ್ಮ ಅವನನ್ನು ನೋಡಿದಳು. “ಈವತ್ತು ನಾಲ್ಕನೇ ಜ್ವರ ಅಲ್ವಾ?”

ಜ್ವರ ಅಂದರೆ ಹುಳು ಪೊರೆ ಬಿಡುವ ದಿನ. ಅವತ್ತು ಅದು ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ, ಮುಟ್ಟಲೂ ಬಾರದು. ಹುಳು ಸಾಕುವವರಿಗೆ ಇರುವ ರಜೆ ಅದೊಂದೇ. ಪ್ರದರ್ಶಕನಾದ ಕದಿರೇಶ ಅಲ್ಲೇ ನಿಂತು ಬೆರಳು ಮಡಿಸಿದ. ಬುಧವಾರ ಮರಿ ಹೊರಬಂದರೆ ಮಾರನೆಯ ದಿನದಿಂದ ಎಣಿಸಿ ನಾಲ್ಕನೇ ದಿನ ಭಾನುವಾರ, ಮೊದಲ ಜ್ವರ. ಹನ್ನೊಂದನೇ ದಿನ ಭಾನುವಾರ, ಮೂರನೇ ಜ್ವರ. ಹದಿನೆಂಟನೇ ದಿನ ಭಾನುವಾರ, ನಾಲ್ಕನೇ ಜ್ವರ. ಇನ್ನು ಅವನ ವೈಜ್ಞಾನಿಕ ಸೋಮವಾರ? ಆರು, ಹದಿಮೂರು, ಇಪ್ಪತ್ತು. ಒಂದು ಭಾನುವಾರವೂ ಜ್ವರವಿಲ್ಲ, ಬಿಡುವಿಲ್ಲ. ಶ್ರೀರಾಮಪ್ಪನ ಹೆಂಡತಿ ಮಾತು ಬಿಟ್ಟದ್ದರಲ್ಲಿ ಯಾವ ತಪ್ಪೂ ಇರಲಿಲ್ಲ.

“ಇದಕ್ಕಾ ಬುಧವಾರ?” ಎಂದ.

“ಇನ್ಯಾತಕ್ಕೆ ಅಂದ್ಕೊಂಡ್ರಿ?”

“ನನಗೆ ಒಂದು ಮಾತು ಹೇಳಬಹುದಿತ್ತಲ್ಲಮ್ಮಾ.”

“ಹೆಂಗಪ್ಪಾ ಹೇಳೋದು, ಆಫೀಸ್ರಿಗೆ?” ಅವಳು ಸೆರಗು ಸರಿಮಾಡಿಕೊಂಡಳು. “ಟೀವಿ ನೋಡಾಕೆ ದಿನ ಬದಲಾಯಿಸಿ ಅಂತ ಹೇಳಾಕಾಗುತ್ತಾ? ನಾಚಿಕೆ ಆಗಲ್ವಾ?”

ಮುಂದಿನ ಬೆಳೆಗೆ ಬುಧವಾರವೇ ಕೊಡುತ್ತೇನೆ ಎಂದು ಕದಿರೇಶ ಆತುರದಲ್ಲಿ ಹೇಳಿದ. ಅದರಿಂದ ಯಾರ ಮುಖವೂ ಅರಳಲಿಲ್ಲ. “ಕೊಡಿ. ಕೋಲಾರದೋನೂ ಬುಧವಾರವೇ ಕೊಡ್ತಾನೆ,” ಎಂದ ಚನ್ನರಾಯಪ್ಪ, ಟೀವಿಗೆ ಬೀಗ ಹಾಕುತ್ತ.

ಆಗ ಆದಿಲಕ್ಷ್ಮಮ್ಮ ಅಂದಳು: “ಹುಳ ಹಣ್ಣಾಗೋ ಭಾನುವಾರ ಊರಲ್ಲಿ ಒಬ್ರೂ ಅಲ್ಲಾಡಂಗಿಲ್ಲ. ಮೊದಲು ಕೋದಂಡರಾಮಪ್ಪ ಮೇಷ್ಟ್ರು ಇದ್ರು. ಅವರ ಮನೇಲಿ ಹುಳ ಇಲ್ಲ. ಅವ್ರು ನೋಡ್ಕೊಂಡು ಬಂದು ನಮಗೆ ಹೇಳೋರು. ಶ್ರೀನಿವಾಸಪುರಕ್ಕೆ ವರ್ಗ ಆಯ್ತು. ಅವತ್ತಿಂದ ಐದು ವಾರದ ಕಥೆ ಕಳಕೊಂಡಿದೀವಿ. ನಿಮಗೂ ಹುಳ ಇಲ್ಲ. ಬರೋ ಭಾನುವಾರ ನೋಡ್ಕೊಂಡು ಬಂದು ಹೇಳಿ. ಬೋಡಕ್ಕ ಏನಾದ್ಲು ಅಂತ ನನಗೆ ಗೊತ್ತಾಗಬೇಕು. ಮೊಟ್ಟೆ ವಿಷಯ ಆಮೇಲೆ ನೋಡಣ.”

ಆ ವಾರವಿಡೀ ಕದಿರೇಶ ಒಂದು ಹಳೇ ಇಂಗ್ಲಿಷ್ ನಿಘಂಟು ಇಟ್ಟುಕೊಂಡು ಓದಿದ. ‘ಎ’ ಅಕ್ಷರ ಮುಗಿಯುವಷ್ಟರಲ್ಲಿ ಭಾನುವಾರ ಬಂತು. ಚನ್ನರಾಯಪ್ಪ ಬೀಗ ತೆಗೆದು, ಟೀವಿ ಹಚ್ಚಿ, “ಮುಗಿದ ಮೇಲೆ ಆರಿಸಿ ಬನ್ನಿ” ಎಂದು ತನ್ನ ಹುಳುವಿನ ಕಡೆಗೆ ಓಡಿದ.

ಖಾಲಿ ಕೋಣೆಯಲ್ಲಿ ಕದಿರೇಶ ಒಬ್ಬನೇ ನೆಲದ ಮೇಲೆ ಕೂತ. ಹಡಗು ಬಂತು. ಹೋದ ವಾರ ಊರಿನವರ ಮಾತಿನ ನಡುವೆ ತುಂಬಿಕೊಂಡಿದ್ದ ಹಡಗು, ಈಗ ಮತ್ತೆ ರಟ್ಟಾಗಿತ್ತು. ಜನ ತುಟಿ ಅಲ್ಲಾಡಿಸಿದರು, ಅವನಿಗೆ ಒಂದು ಮಾತೂ ಹತ್ತಲಿಲ್ಲ. ‘ಡೋರ್’ ಅನ್ನುವುದು ಎರಡು ಸಲ ಕೇಳಿಸಿತು, ‘ನೋ’ ಅನ್ನುವುದು ಹಲವು ಸಲ. ಬೋಡಕ್ಕ ಒಂದು ಸಣ್ಣ ಕೋಣೆಯೊಳಗೆ ಹೋದಳು. ಬಾಗಿಲು ಮುಚ್ಚಿತು. ಗಾಜಿನ ಆಚೆ ಗೌಡ್ರು. ಆ ಕೋಣೆ ಹಡಗಿನಿಂದ ಕಳಚಿಕೊಂಡು ಕತ್ತಲೆಗೆ ಹೋಯಿತು. ಅಕ್ಷರಗಳು ಓಡಿದವು. ಅವಳು ಸತ್ತಳೋ, ಔಷಧಿ ತರಲು ಹೋದಳೋ, ಜಗಳವಾಡಿಕೊಂಡು ಹೋದಳೋ, ಅವನಿಗೆ ತಿಳಿಯಲಿಲ್ಲ.

ಸೊಸೈಟಿಯಿಂದ ಆದಿಲಕ್ಷ್ಮಮ್ಮನ ಮನೆ ಇನ್ನೂರು ಹೆಜ್ಜೆ. ಆ ಇನ್ನೂರು ಹೆಜ್ಜೆಯಲ್ಲಿ ಅವನು ಒಂದು ಕಥೆ ಕಟ್ಟಿದ. ಗೊತ್ತಾಗಲಿಲ್ಲ ಎಂದರೆ ಮೊಟ್ಟೆಯೂ ಇಲ್ಲ, ಕೆಲಸವೂ ಇಲ್ಲ. ಸಂತೋಷದ ಕಥೆ ಹೇಳಿದರೆ ಬೇಡ ಅನ್ನುವವರು ಯಾರು?

ಅಂಗಳದಲ್ಲಿ ನೆರಳಿಗೆ ಚಂದ್ರಿಕೆಗಳನ್ನು ಸಾಲಾಗಿ ಒರಗಿಸಿದ್ದರು. ಹುಳು ಗೂಡು ಕಟ್ಟುವ ದುಂಡನೆಯ ಬಿದಿರು ತಟ್ಟೆಗಳು. ಆದಿಲಕ್ಷ್ಮಮ್ಮ, ಅವಳ ಓರಗಿತ್ತಿ ಗಂಗರತ್ನಮ್ಮ, ಕೆಲಸಕ್ಕೆ ಕೆಲಸ ಎಂದು ಮುಯ್ಯಾಳಾಗಿ ಬಂದ ಅಶ್ವತ್ಥಮ್ಮ, ಇನ್ನೂ ನಾಲ್ಕೈದು ಹೆಂಗಸರು ಹಣ್ಣಾದ ಹುಳುಗಳನ್ನು ಆರಿಸುತ್ತಿದ್ದರು. ಹಣ್ಣಾದ ಹುಳು ಬೆಳಕಿಗೆ ಹಿಡಿದರೆ ದ್ರಾಕ್ಷಿಯ ಹಾಗೆ ಹೊಳೆಯುತ್ತದೆ, ತಲೆ ಎತ್ತಿ ತೂಗುತ್ತದೆ. ಒಂದು ಗಳಿಗೆ ತಡವಾದರೆ ಸೊಪ್ಪು ಹಾಕುವ ತಟ್ಟೆಯಲ್ಲೇ ನೂಲು ಉಗುಳಿ ಹಾಳುಮಾಡುತ್ತದೆ. ಹಾಗಾಗಿ ಯಾರ ಕೈಯೂ ನಿಲ್ಲುತ್ತಿರಲಿಲ್ಲ.

“ಬಂದ್ರಾ? ಹೇಳಿ,” ಎಂದಳು ಆದಿಲಕ್ಷ್ಮಮ್ಮ, ತಲೆ ಎತ್ತದೆ.

“ಎಲ್ಲಾ ಒಳ್ಳೇದಾಯ್ತಮ್ಮಾ,” ಎಂದ ಕದಿರೇಶ. “ಔಷಧಿ ಸಿಕ್ತು. ಬೋಡಕ್ಕನ ಕಲೆ ಹೋಯ್ತು. ಎಲ್ಲಾ ಒಟ್ಟಿಗೆ ಕೂತು ಊಟ ಮಾಡಿದ್ರು.”

“ಊಟ?” ಅಶ್ವತ್ಥಮ್ಮ ಕೇಳಿದಳು. “ಏನ್ ಊಟ ಸಾರ್?”

“ಅನ್ನ... ಅನ್ನದ ಥರದ್ದು.”

ಅಶ್ವತ್ಥಮ್ಮ ಪಕ್ಕದವಳ ಕಡೆ ತಿರುಗಿ, “ಏಮೇ, ವಿನ್ನಾವಾ, ಕೇಳಿದ್ಯಾ? ಅನ್ನ ಅಂತೆ,” ಎಂದಳು. ಮತ್ತೆ ಇವನಿಗೆ, “ಸಾರ್, ಅವ್ರು ಮಾತ್ರೆ ನುಂಗೋ ಜನ. ಮೂರು ವರ್ಷದಲ್ಲಿ ಒಂದು ದಿನ ಊಟಕ್ಕೆ ಕೂತಿದ್ದು ನಾವು ಕಾಣೆ. ನಿಮಗೆ ಹೊಟ್ಟೆ ಹಸಿದೈತಾ?”

ಹೆಂಗಸರು ನಕ್ಕರು. ಆದಿಲಕ್ಷ್ಮಮ್ಮ ನಗಲಿಲ್ಲ. ಕದಿರೇಶನ ಕಿವಿ ಬಿಸಿಯಾಯಿತು. ಬೆಳೆ, ಕೆಲಸ, ಸಂಬಳ ಎಲ್ಲ ಒಂದೇ ತುತ್ತು ಸುಳ್ಳು ಅನ್ನಕ್ಕೆ ಹೋಯಿತು ಎಂದುಕೊಂಡ. ಹೋದದ್ದು ಹೋಯಿತು ಎಂದಾದ ಮೇಲೆ ಮನುಷ್ಯನಿಗೆ ನಿಜ ಹೇಳುವುದು ಸುಲಭ.

“ನನಗೆ ಆ ಇಂಗ್ಲಿಷ್ ಬರಲ್ಲಮ್ಮಾ,” ಎಂದ. “ಒಂದು ಮಾತೂ ತಿಳೀಲಿಲ್ಲ.”

ಆದಿಲಕ್ಷ್ಮಮ್ಮ ಒಂದು ಹುಳು ಎತ್ತಿ ಚಂದ್ರಿಕೆಗೆ ಬಿಟ್ಟಳು. “ಮಾತು ಬಿಡಿ. ಕಣ್ಣು ಇತ್ತಲ್ಲ? ಬೋಡಕ್ಕ ಎಲ್ಲಿದ್ಲು?”

“ಒಂದು ಸಣ್ಣ ಕೋಣೆಗೆ ಹೋದ್ಲು.”

“ಯಾರಾದ್ರೂ ತಳ್ಳಿದ್ರಾ?”

ಕದಿರೇಶ ನೆನಪು ಮಾಡಿಕೊಂಡ. “ಇಲ್ಲ. ತಾನೇ ಹೋದ್ಲು. ಗೌಡ್ರು ಬೇರೆ ಕಡೆ ಇದ್ದ. ಅವನಿಗೆ ಗೊತ್ತಿರಲಿಲ್ಲ ಅನ್ಸುತ್ತೆ, ಆಮೇಲೆ ಓಡಿ ಬಂದ.”

“ಬಾಗಿಲು ಯಾರು ಹಾಕಿದ್ದು?”

“ಅವಳೇ. ಒಳಗಿಂದ.”

“ಹೋಗೋ ಮುಂಚೆ ಏನಾದ್ರೂ ಮುಟ್ಟಿದ್ಲಾ?”

ಇದು ಅವನಿಗೆ ಈಗಷ್ಟೇ ನೆನಪಾಯಿತು. ನೋಡುವಾಗ ಅದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. “ಹೂಂ. ನೀಲಿಯಪ್ಪ ಕೈ ಚಾಚಿದ. ಅವಳು ಕೈ ಹಿಂದಕ್ಕೆ ಎಳಕೊಂಡ್ಲು. ಯಾರನ್ನೂ ಮುಟ್ಟಲಿಲ್ಲ.”

“ಗೌಡ್ರು ಬಂದು ಏನ್ಮಾಡ್ದ?”

“ಬಾಗಿಲು ಬಡಿದ. ‘ನೋ, ನೋ’ ಅಂದ. ಆಮೇಲೆ ಸುಮ್ಮನಾದ. ಗಾಜಿಗೆ ಹಣೆ ಇಟ್ಟುಕೊಂಡು ನಿಂತ. ಕೋಣೆ ಕಳಚಿಕೊಂಡು ಹೋದ ಮೇಲೂ ಬಹಳ ಹೊತ್ತು ನಿಂತೇ ಇದ್ದ.”

ಆದಿಲಕ್ಷ್ಮಮ್ಮನ ಕೈ ನಿಂತಿತು. ಎರಡು ಬೆರಳ ನಡುವೆ ಹಣ್ಣಾದ ಹುಳು ತಲೆ ಎತ್ತಿ ಅತ್ತಿತ್ತ ತೂಗುತ್ತಿತ್ತು. ಅವಳ ಪಕ್ಕದಲ್ಲಿ ಸುಣ್ಣದ ಪುಡಿ ಹಾಕಿದ ಒಂದು ಬಟ್ಟಲಿತ್ತು. ರೋಗ ಬಂದ ಹುಳು ಕಂಡರೆ ಆರಿಸಿ ಅದಕ್ಕೆ ಹಾಕುತ್ತಾರೆ, ಉಳಿದವು ಉಳಿಯಲಿ ಎಂದು. ಅವಳು ಆ ಬಟ್ಟಲನ್ನು ನೋಡುತ್ತಿದ್ದಳು.

“ನಮ್ಮ ಹುಳಾನ ನಾವು ಆರಿಸಿ ಆಚೆಗೆ ಹಾಕ್ತೀವಿ,” ಎಂದಳು. “ಅವಳು ತನ್ನನ್ನ ತಾನೇ ಆರಿಸ್ಕೊಂಡ್ಲು.”

ಕೈಯೊಳಗಿನ ಹುಳುವಿನ ಬಾಯಿಂದ ಒಂದು ಎಳೆ ಹೊರಬಂದು ಅವಳ ಹೆಬ್ಬೆರಳಿಗೆ ಅಂಟಿತು. ಆದಿಲಕ್ಷ್ಮಮ್ಮ ಅದನ್ನು ಮೆಲ್ಲಗೆ ಬಿಡಿಸಿ, ಹುಳುವನ್ನು ಚಂದ್ರಿಕೆಯ ಮೇಲೆ ಇಟ್ಟಳು.

“ಅವಳು ಬರಲ್ಲ,” ಎಂದಳು. “ಸರಿ. ಗೊತ್ತಾಯ್ತು.”

ಕದಿರೇಶನಿಗೆ ದುಃಖವಾಯಿತು, ಅದೂ ಒಂದು ರಟ್ಟಿನ ಹಡಗಿನಿಂದ ಹೋದ ಹೆಂಗಸಿಗಾಗಿ. ಇದನ್ನೇ ಅವನು ಅರ್ಧ ಗಂಟೆ ಹಿಂದೆ ಎರಡೂ ಕಣ್ಣಿಂದ ನೋಡಿದ್ದ. ಈಗ ಇಲ್ಲಿ, ಅಂಗಳದಲ್ಲಿ ನಿಂತು, ಮೊದಲ ಸಲ ಕಂಡ. ಅವನನ್ನು ಯಾರೂ ಹೊಗಳಲಿಲ್ಲ. ಮೊಟ್ಟೆಯ ಮಾತೂ ಬರಲಿಲ್ಲ. ಅವನು ಮುಂದಿನ ಮನೆಗೆ ಹೋಗಿ ಅಲ್ಲೂ ಹೇಳಿದ, ಆಮೇಲೆ ಅದರ ಮುಂದಿನ ಮನೆಗೆ. ಸಂಜೆಯ ಹೊತ್ತಿಗೆ ಹನ್ನೆರಡು ಅಂಗಳ ಆಗಿತ್ತು. ಪ್ರತಿ ಅಂಗಳದಲ್ಲೂ ಒಂದೊಂದು ಹೊಸ ಪ್ರಶ್ನೆ. ಗೌಡ್ರು ಕೂತನಾ, ನಿಂತನಾ? ಅವಳು ಹಿಂದಕ್ಕೆ ತಿರುಗಿ ನೋಡಿದಳಾ? ನೋಡಿದ್ದಳು. ಅದೂ ಅವನಿಗೆ ಏಳನೇ ಅಂಗಳದಲ್ಲಿ ನೆನಪಾಯಿತು.

ಗೂಡು ಮಾರಾಟವಾಯಿತು, ಹುಳು ಮನೆಗಳನ್ನು ತೊಳೆದದ್ದಾಯಿತು, ಸೊಪ್ಪು ಮತ್ತೆ ಚಿಗುರಿತು. ಮೂರನೇ ಬೆಳೆಗೆ ದಿನವನ್ನು ಸೋಮವಾರದಿಂದ ಬುಧವಾರಕ್ಕೆ ಬದಲಾಯಿಸಲು ಕಾರಣವೇನು ಎಂದು ಸಾಹೇಬರು ಬರೆದು ಕೇಳಿದರು. ಕದಿರೇಶ ಬಹಳ ಯೋಚಿಸಿ ‘ಸ್ಥಳೀಯ ಹವಾಮಾನ’ ಎಂದು ಬರೆದು ಕಳಿಸಿದ.

ಬುಧವಾರದ ಹಿಂದಿನ ದಿನ ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದು ಕೂತ. ಎಂಟು ಗಂಟೆಯವರೆಗೆ ಯಾರೂ ಬರಲಿಲ್ಲ. ಒಂಬತ್ತಕ್ಕೆ ಶ್ರೀರಾಮಪ್ಪ ಬಂದು, ದಿನ ಯಾವುದು ಎಂದು ಎರಡು ಸಲ ಖಚಿತ ಮಾಡಿಕೊಂಡು ನೂರು ಮೊಟ್ಟೆ ತಗೊಂಡ. ಒಂದು ಚಿಟ್ಟೆ ಇಟ್ಟಿದ್ದೆಲ್ಲ ಸೇರಿ ಇವರ ಲೆಕ್ಕಕ್ಕೆ ಒಂದು ಮೊಟ್ಟೆ. ಆಮೇಲೆ ಆದಿಲಕ್ಷ್ಮಮ್ಮ ಬಂದಳು. ಮೊಟ್ಟೆಯ ಹಾಳೆಯನ್ನು ಬೆಳಕಿಗೆ ಹಿಡಿದು, ಒಂದೊಂದು ಚುಕ್ಕಿಯೂ ನೀಲಿಗೆ ತಿರುಗಿದೆಯೋ ಇಲ್ಲವೋ ಎಂದು ನೋಡಿದಳು. ಅವನು ಭೂತಗನ್ನಡಿ ಕೊಡಲು ಹೋದ. ಅವಳು ಬೇಡವೆಂದಳು.

“ನಾಳೆ ಒಡೆಯುತ್ತೆ,” ಎಂದಳು. “ಇನ್ನೂರು ಕೊಡಿ.”

ಅವಳು ಒದ್ದೆ ಬಟ್ಟೆಯಲ್ಲಿ ಹಾಳೆ ಸುತ್ತಿಕೊಂಡು ಬೀದಿಯಲ್ಲಿ ನಡೆದುಹೋದದ್ದನ್ನು ಊರೆಲ್ಲ ನೋಡಿತು. ಮಧ್ಯಾಹ್ನದ ಹೊತ್ತಿಗೆ ಕೋಣೆಯ ಮುಂದೆ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಮೂವತ್ತಾರು ಮನೆ. ಬೀರುವಿನಲ್ಲಿ ಹಾಳೆಗಳ ಕೆಳಗೆ ಹಾಸಿದ್ದ ಹಳೇ ಪತ್ರಿಕೆ ಮಾತ್ರ ಉಳಿಯಿತು.

ಕೆಲಸ ಉಳಿಯಿತು ಎಂದು ಕದಿರೇಶ ಸಂತೋಷಪಡಲು ಕೂತ. ಆದರೆ ಕೈ ತಾನಾಗಿ ಬೆರಳು ಮಡಿಸತೊಡಗಿತು. ನಾಳೆಯಿಂದ ನಾಲ್ಕು, ಹನ್ನೊಂದು, ಹದಿನೆಂಟು. ಆ ಮೂರು ಭಾನುವಾರ ಎಲ್ಲರ ಜೊತೆ ಕೂತು ನೋಡಬಹುದು, ತಪ್ಪಿದರೆ ತಿದ್ದುವವರಿದ್ದಾರೆ. ಇಪ್ಪತ್ತೈದನೇ ದಿನ, ಹುಳು ಹಣ್ಣಾಗುವ ಭಾನುವಾರ ಮಾತ್ರ ಅವನೊಬ್ಬನೇ. ಬೋಡಕ್ಕ ಇಲ್ಲದ ಹಡಗನ್ನು ಇನ್ನು ಯಾರು ನಡೆಸುತ್ತಾರೋ, ಅವತ್ತು ಅವರ ಕೈ ಎಲ್ಲಿತ್ತು, ಕಣ್ಣು ಎಲ್ಲಿತ್ತು ಎಂದು ಹನ್ನೆರಡು ಅಂಗಳಗಳಿಗೆ ಅವನು ಉತ್ತರ ಕೊಡಬೇಕಾಗಿತ್ತು.